ಹೊಂಗೆಕಟ್ಟೆಯ ತಲೆ ಎಣಿಕೆ

ಹೊಂಗೆಕಟ್ಟೆಯ ನಾರಾಯಣಮ್ಮ ತಲೆಯ ಮೇಲೆ ಸೊಪ್ಪಿನ ಬುಟ್ಟಿ ಹೊತ್ತು ಜಯನಗರದ ಮೂರನೇ ಬ್ಲಾಕಿಗೆ ಕಾಲಿಟ್ಟಳೆಂದರೆ ಆ ಬೀದಿಯಲ್ಲಿ ಸೂರ್ಯ ಕಾಲು ಗಂಟೆ ತಡವಾಗಿ ಹುಟ್ಟುತ್ತಿದ್ದ. ಬುಟ್ಟಿಯ ಅಗಲ ಅಷ್ಟಿತ್ತು. ತಳದಲ್ಲಿ ದಂಟು, ಅದರ ಮೇಲೆ ಹರಿವೆ, ಅದರ ಮೇಲೆ ಮೆಂತ್ಯ, ನೆತ್ತಿಯಲ್ಲಿ ಸಬ್ಬಸಿಗೆ. ಒಮ್ಮೆ ಸಾರಕ್ಕಿಯ ಬಳಿ ಅವಳು ಉಸಿರು ತಿರುಗಿಸಿಕೊಳ್ಳಲು ನಿಂತಾಗ ಎರಡು ಎಮ್ಮೆಗಳು ಅದನ್ನು ಯಾರದೋ ಹೊಲದ ಬದುವೆಂದು ತಿಳಿದು ಮೇಯಲು ಬಂದಿದ್ದವು. ಎಮ್ಮೆಗಳನ್ನು ಅನ್ನಬಾರದು, ಅವುಗಳ ಜಾಗದಲ್ಲಿ ಯಾರಿದ್ದರೂ ಹಾಗೇ ತಿಳಿಯುತ್ತಿದ್ದರು.

ಊರು ಇದ್ದದ್ದು ಅಂಜನಾಪುರದಿಂದ ಎರಡು ಮೈಲಿ ಒಳಗೆ. ಅಲ್ಲಿಂದ ಮೂರನೇ ಬ್ಲಾಕಿಗೆ ಎಂಟು ಮೈಲಿ. ಕೋಳಿ ಇನ್ನೂ ಮಗ್ಗುಲು ಬದಲಿಸುತ್ತಿರುವಾಗಲೇ ಹೊರಟು, ಬಂಡಿ ಜಾಡಿನಲ್ಲಿ ನಡೆದು ಕನಕಪುರ ರಸ್ತೆಗೆ ಬಿದ್ದು, ಬನಶಂಕರಿ ಗುಡಿಯ ಮುಂದೆ ಒಂದು ಕೈಯಲ್ಲಿ ಬುಟ್ಟಿ ಹಿಡಿದು ಇನ್ನೊಂದರಲ್ಲಿ ಕೆನ್ನೆ ಬಡಿದುಕೊಂಡು, ಹಾಲಿನವನಿಗಿಂತ ಎರಡು ಮನೆ ಮುಂಚೆ ಬಾಗಿಲು ತಟ್ಟುತ್ತಿದ್ದಳು. ಮೊದಲು ಬಸವನಗುಡಿ, ಜಯನಗರ ಹುಟ್ಟಿದ ಮೇಲೆ ಜಯನಗರ, ಹೀಗೆ ಇಪ್ಪತ್ತೆರಡು ವರ್ಷ. ಹೋಗಿಬರುವ ಹದಿನಾರು ಮೈಲಿಯನ್ನು ವರ್ಷಕ್ಕೆ ಮುನ್ನೂರು ದಿನದಂತೆ ಗುಣಿಸಿದರೆ ನಾರಾಯಣಮ್ಮ ಭೂಮಿಯನ್ನು ನಾಲ್ಕು ಸುತ್ತು ಸುತ್ತಿ ಐದನೆಯದಕ್ಕೆ ಹೆಜ್ಜೆ ಇಟ್ಟಿದ್ದಳು. ಬುಟ್ಟಿಯ ಮಾತು ನಂಬದಿದ್ದರೂ ಪರವಾಗಿಲ್ಲ, ಇದನ್ನು ಸ್ಲೇಟು ತೆಗೆದುಕೊಂಡು ನೋಡಬಹುದು.

ಐವತ್ತೊಂಬತ್ತನೇ ಇಸವಿಯ ಸಂಕ್ರಾಂತಿಗೆ ಅವಳ ಬಲ ಮಂಡಿ ಊದಿಕೊಂಡಿತು. ಬೂದುಗುಂಬಳಕ್ಕೆ ಸೀರೆ ಉಡಿಸಿದಂತೆ ಕಾಣುತ್ತಿತ್ತು. ಎಣ್ಣೆ ತಿಕ್ಕಿ ಮೂಳೆ ಕೂರಿಸುವ ನಾಟಿ ವೈದ್ಯ ಮಂಡಿಯನ್ನು ಅತ್ತಿತ್ತ ತಿರುಗಿಸಿ ಹೇಳಿದ: "ಇನ್ನೊಂದು ಮಳೆಗಾಲ ಈ ಹೊರೆ ಹೊತ್ತೆ ಅಂದ್ರೆ, ಆಮೇಲೆ ನಿನ್ನನ್ನ ಹೊರೋಕೆ ನಾಲ್ಕು ಜನ ಬೇಕಾಗ್ತಾರೆ, ನಾರಾಯಣಮ್ಮ."

ಇದನ್ನು ಕೇಳಿಸಿಕೊಂಡು ಸಂತೋಷಪಟ್ಟವನು ಒಬ್ಬನಿದ್ದ ಎಂದರೆ ತಪ್ಪಾದೀತು. ಚಿಕ್ಕಬೈರಪ್ಪ ಅವಳ ಗಂಡನ ಅಣ್ಣ, ಕೆಟ್ಟವನಲ್ಲ. ತಮ್ಮ ಸತ್ತ ದಿನದಿಂದಲೂ ಅವನದು ಒಂದೇ ಮಾತು. ಬಾವಿ ಪಕ್ಕದ ಅವಳ ಹದಿನೈದು ಗುಂಟೆ ತೋಟವನ್ನು ತನ್ನ ಹೊಲಕ್ಕೆ ಸೇರಿಸಿಕೊಂಡು, ಅವಳನ್ನು ಮನೆಯಲ್ಲಿ ಕೂರಿಸಿ ಅನ್ನ ಹಾಕುವುದು.

"ನೀನ್ ಕೂತ್ಕೊ ತಾಯಿ. ಎರಡ್ ಮುದ್ದೆಗೆ ನನ್ನ ಮನೇಲೇನು ಬರವಾ?"

ಮುದ್ದೆಗೆ ಬರವಿರಲಿಲ್ಲ. ಆದರೆ ಆ ಮನೆಯಲ್ಲಿ ಮುದ್ದೆ ತಟ್ಟೆಗೆ ಬೀಳುವಾಗ ಎಂಥ ಸದ್ದಾಗುತ್ತದೆಂದು ನಾರಾಯಣಮ್ಮನಿಗೆ ಗೊತ್ತಿತ್ತು. ತನ್ನ ಕೈಯಿಂದ ತಟ್ಟೆಗೆ ಇಳಿಯುವ ಮುದ್ದೆಗೆ ಸದ್ದಿರುವುದಿಲ್ಲ. ಸೊಪ್ಪು ನಿಂತರೆ ತೋಟ ಹೋಗುತ್ತದೆ, ತೋಟ ಹೋದರೆ ಆ ಸದ್ದು ದಿನಕ್ಕೆರಡು ಸಲ. ಮಂಡಿಯ ನೋವಿಗಿಂತ ಅದೇ ಅವಳನ್ನು ಹೆಚ್ಚು ಕಾಡಿತು.

ಮೂರನೇ ಬ್ಲಾಕಿನ ಅವಳ ಗಿರಾಕಿಗಳಲ್ಲಿ ಸೀತಾಲಕ್ಷ್ಮಿ ಎಂಬಾಕೆಯ ಗಂಡ ಬದರಿನಾಥ, ಕಲಾಸಿಪಾಳ್ಯದ ಏಕಾಂತಯ್ಯ ಮೋಟಾರ್ ಸರ್ವಿಸ್ಸಿನಲ್ಲಿ ಗುಮಾಸ್ತ. ಯಾವ ಊರಿಗೆ ಯಾವ ಬಸ್ಸು, ಎಷ್ಟು ಹೊತ್ತಿಗೆ ಎಂದು ಗೆರೆ ಎಳೆಯುವುದು ಅವನ ಕೆಲಸ. ಅವನ ಪೆನ್ಸಿಲ್ಲಿನ ಮೊನೆ ಎಷ್ಟು ಚೂಪೆಂದರೆ ಕನಕಪುರದ ಗೆರೆ ಎಳೆಯುವಾಗ ಕೆಳಗಿನ ಹಾಳೆಯಲ್ಲಿದ್ದ ಮಳವಳ್ಳಿಗೂ ಗೀರು ಬೀಳುತ್ತಿತ್ತು. ಒಂದು ಬೆಳಿಗ್ಗೆ ನಾರಾಯಣಮ್ಮ ಅವರ ವರಾಂಡದಲ್ಲಿ ಬುಟ್ಟಿ ಇಳಿಸಿದವಳು ಏಳಲಾರದೆ ಕೂತಿದ್ದಾಗ ಅವನು ಕಾಫಿ ಲೋಟ ಹಿಡಿದು ಹೊರಬಂದ.

"ಸ್ವಾಮಿ, ನಿಮ್ಮ ಬಸ್ಸು ನಮ್ಮೂರಿಗ್ಯಾಕೆ ಬರಲ್ಲ?"

"ದೊಡ್ಡ ರಸ್ತೇಲಿ ಹೋಗುತ್ತಲ್ಲಮ್ಮ."

"ಹೋಗ್ತದೆ. ನಾನು ಕೈ ತೋರಿಸ್ತೀನಿ, ಅದು ಧೂಳು ತೋರಿಸ್ತದೆ."

ಬದರಿನಾಥ ನಕ್ಕ. ಆಮೇಲೆ ಗಂಭೀರನಾಗಿ ವಿವರಿಸಿದ. ಬೆಂಗಳೂರಿಂದ ಕನಕಪುರಕ್ಕೆ ನೇರ ಹೋದರೆ ಡೀಸೆಲ್ಲು ಇಷ್ಟು. ಹೊಂಗೆಕಟ್ಟೆಯ ಕಡೆ ಒಳಕ್ಕೆ ಹೋಗಿ ಮತ್ತೆ ದೊಡ್ಡ ರಸ್ತೆಗೆ ಬಂದರೆ ನಾಲ್ಕು ಮೈಲಿ ಜಾಸ್ತಿ. ಆ ನಾಲ್ಕು ಮೈಲಿಯನ್ನು ಯಾರೋ ಹೊರಬೇಕು. ಕನಕಪುರದವರು ಹೊರುವುದಿಲ್ಲ, ಬಸ್ಸಿನ ಮಾಲೀಕ ಏಕಾಂತಯ್ಯ ಸಾಹುಕಾರರಂತೂ ಮೊದಲೇ ಹೊರುವುದಿಲ್ಲ. ಹೊಂಗೆಕಟ್ಟೆಯಲ್ಲಿ ದಿನಕ್ಕೆ ಮೂವತ್ತು ಜನ ಹತ್ತಿದರೆ ಅದು ತಾನೇ ಹೊತ್ತುಕೊಳ್ಳುತ್ತದೆ.

"ಮೂವತ್ತಾ?" ಎಂದಳು ನಾರಾಯಣಮ್ಮ. "ಬಂದು ಎಣಿಸ್ಕೊಳ್ಳಿ."

ಬದರಿನಾಥ ನಿಜವಾಗಿಯೂ ಬಂದ. ಏಕಾಂತಯ್ಯನವರನ್ನು ಒಪ್ಪಿಸಿ, ಯುಗಾದಿ ಕಳೆದ ಮೇಲೆ ಮೂರು ದಿನ ಅಂಜನಾಪುರದಲ್ಲಿ ಪರಿಚಯದವರ ಮನೆಯಲ್ಲಿ ಉಳಿದು, ದಿನವೂ ಎಂಟು ಗಂಟೆಗೆ ಸೈಕಲ್ಲಿನಲ್ಲಿ ಹೊಂಗೆಕಟ್ಟೆಗೆ ತಲುಪುತ್ತಿದ್ದ. ಊರ ಗಡಿಯಲ್ಲಿ ಒಂದು ಹೊಂಗೆ ಮರ. ಅದರಡಿ ಅವನಿಗೆ ಕುರ್ಚಿ ಹಾಕಿದರು. ಆ ಕುರ್ಚಿಗೆ ಊರಿನಲ್ಲಿದ್ದ ಒಂದೇ ಒಂದು ದಿಂಬನ್ನೂ ಇಟ್ಟರು.

ಇಲ್ಲಿ ಹೊಂಗೆಕಟ್ಟೆಯ ಒಂದು ಪದ್ಧತಿಯನ್ನು ಹೇಳಬೇಕು. ಆ ಊರಿನಿಂದ ಯಾರೇ ಹೊರಡಲಿ, ಇಡೀ ಊರು ಹೊಂಗೆಮರದ ತನಕ ಅವರ ಜೊತೆ ನಡೆದು ಹೋಗಿ ಕಳಿಸಿಕೊಡಬೇಕು. ಒಲೆಯ ಮೇಲೆ ಅನ್ನವಿದ್ದರೆ ಅನ್ನ ಕಾಯುತ್ತದೆ. ಹೊರಟವರು ಕಣ್ಮರೆಯಾಗುವವರೆಗೆ ಯಾರೂ ಹಿಂದಿರುಗುವಂತಿಲ್ಲ. ಮೊದಲು ಹಿಂದಿರುಗಿದವರ ಹೆಸರು ಏಳು ತಲೆಮಾರು ನೆನಪಿನಲ್ಲಿರುತ್ತದೆ. ಬರಿಗೈಯಲ್ಲಿ ಬರುವುದೂ ಮರ್ಯಾದೆಯಲ್ಲ. ಒಬ್ಬರು ಚಕ್ಕುಲಿಯ ಗಂಟು, ಒಬ್ಬರು ಉಪ್ಪಿನಕಾಯಿ ಜಾಡಿ, ಒಬ್ಬರು ಹಸಿ ಅವರೆಕಾಯಿ ಹಿಡಿದು ಬರುತ್ತಾರೆ. ದೂರದಿಂದ ನೋಡಿದವರಿಗೆ ಊರಿಗೆ ಊರೇ ಗುಳೆ ಹೊರಟಂತೆ.

ಬದರಿನಾಥ ಮರದಡಿಯಲ್ಲೇ ಕೂತಿದ್ದರೂ ಅವನಿಗೂ ಕಂಡದ್ದು ಹಾಗೆಯೇ. ಮೊದಲ ದಿನ ಅಕ್ಕಯಮ್ಮನ ಮಗಳು ಬಾಣಂತನ ಮುಗಿಸಿ ಮಗುವಿನೊಂದಿಗೆ ಗಂಡನ ಮನೆಗೆ ಹೊರಟಿದ್ದಳು. ಹೊಂಗೆಮರದ ಕೆಳಗೆ ಒಗೆದ ಬಟ್ಟೆ ತೊಟ್ಟು, ಗಂಟು ಹಿಡಿದು, ಕಣ್ಣೊರೆಸಿಕೊಳ್ಳುತ್ತ ನಿಂತವರು ನೂರ ನಲವತ್ತಮೂರು ಜನ. ಬದರಿನಾಥನ ಪೆನ್ಸಿಲ್ಲು ಬಿಸಿಯಾಯಿತು; ಅವರು ಮನೆಗೆ ತಿರುಗುವಾಗ ಅವನು ತಲೆ ತಗ್ಗಿಸಿ ಗೀಟು ಕೂಡಿಸುತ್ತಿದ್ದ. ಎರಡನೇ ದಿನ ಪೊಲೀಸು ಕೆಲಸಕ್ಕೆ ಸೇರಲು ಹೊರಟ ಒಬ್ಬನಿಗಾಗಿ ತೊಂಬತ್ತಾರು. ಮೂರನೇ ದಿನ ಮುದುಕ ದಂಪತಿ ತಿರುಪತಿಗೆ ಹೊರಟರು. ಆಸುಪಾಸಿನ ಹಳ್ಳಿಯವರೂ ಹರಕೆಯ ಕಾಸು ಕೊಡಲು ಬಂದರು. ನೂರ ಎಪ್ಪತ್ತೊಂದು.

ಸೊಪ್ಪು ಮಾರಿ ಮಧ್ಯಾಹ್ನಕ್ಕೆ ಊರು ಸೇರಿದ ನಾರಾಯಣಮ್ಮ ಅವನಿಗೆ ಮಜ್ಜಿಗೆ ತಂದಳು. ಅವನ ಹಾಳೆಯ ತುಂಬ ಗೀಟುಗಳು ಸಾಸಿವೆ ಪೈರಿನಂತೆ ಎದ್ದಿದ್ದವು.

"ಏನಮ್ಮ ಇದು, ಮೂವತ್ತು ಕೇಳಿದರೆ ನೂರಾ ಎಪ್ಪತ್ತು! ಇಷ್ಟೂ ಜನ ದಿನಾ ಈ ಮರದ ಹತ್ತಿರ ಬರ್ತಾರಾ?"

ಬಾಯಿಗೆ ಬಂದ ಮಾತು ಬೇರೆ ಇತ್ತು. ಇವರು ಹೊರಟವರಲ್ಲ ಸ್ವಾಮಿ, ಕಳಿಸೋಕೆ ಬಂದವರು. ಅಷ್ಟರಲ್ಲಿ ಮಂಡಿಯಲ್ಲಿ ಒಮ್ಮೆ ಚಳುಕು ಎದ್ದಿತು. ಮಂಡಿಗೂ ನಾಲಿಗೆಗೂ ನಡುವೆ ಒಂದು ನರ ಇದೆಯೆಂದು ಆ ವೈದ್ಯ ಹೇಳಿರಲಿಲ್ಲ.

"ಯಾರಾದ್ರೂ ಹೊರಟ್ರೆ ಎಲ್ಲಾ ಬರ್ತೀವಿ ಸ್ವಾಮಿ," ಎಂದಳು.

ಸುಳ್ಳಲ್ಲ, ಒಂದಕ್ಷರವೂ ಸುಳ್ಳಲ್ಲ. ಆದರೂ ಅವತ್ತು ಮಜ್ಜಿಗೆಯ ಚೊಂಬು ಹಿಡಿದು ಮನೆಗೆ ನಡೆಯುವಾಗ, ಖಾಲಿ ಚೊಂಬು ತುಂಬಿದ ಬುಟ್ಟಿಗಿಂತ ಭಾರವಾಗಿತ್ತು.

ಏಕಾಂತಯ್ಯ ಲೆಕ್ಕ ನೋಡಿ ಎರಡು ಸಲ ಕನ್ನಡಕ ಒರೆಸಿಕೊಂಡರು. ದೊಡ್ಡ ಬಸ್ಸನ್ನೇ ಹಾಕೋಣ ಎಂದರು. ಆದರೆ ಬಸ್ಸು ಮಾತ್ರ ನನ್ನದು, ರಸ್ತೆ ನಿಮ್ಮದು ಎಂದು ಹೇಳಿ ಕಳಿಸಿದರು. ಅದಕ್ಕೇನಂತೆ! ಹೊಂಗೆಕಟ್ಟೆಯವರು ಗುದ್ದಲಿ ಹಿಡಿದರು. ಎರಡು ಹಳ್ಳಕ್ಕೆ ಮೋರಿ ಕಟ್ಟಿ, ಗುಂಡಿಗಳಿಗೆ ಮಣ್ಣು ತುಂಬಿ, ಇಪ್ಪತ್ತೇ ದಿನದಲ್ಲಿ ಬಂಡಿ ಜಾಡನ್ನು ರಸ್ತೆ ಮಾಡಿದರು. ಮಣ್ಣು ಎಷ್ಟು ಬೇಕಾಯಿತೆಂದರೆ ಊರ ಹಿಂದಿದ್ದ ದಿಬ್ಬ ಕರಗಿ, ಅದರಾಚೆಗಿನ ಊರಿನವರು ಅಡುಗೆಗೆ ಏನು ಮಾಡುತ್ತಾರೆಂದು ಕಾಣುವಂತಾಯಿತು. ಚಿಕ್ಕಬೈರಪ್ಪನೂ ನಾಲ್ಕು ದಿನ ಎತ್ತು ಬಂಡಿ ಕೊಟ್ಟ. "ಬಸ್ಸು ಬರಲಿ, ನೀನು ಕೂತ್ಕೊಂಡೇ ಹೋಗಿಬರೋವಂತೆ," ಎಂದ. ಆ ಮಾತಿಗೆ ನಾರಾಯಣಮ್ಮ ಇನ್ನಷ್ಟು ಕುಗ್ಗಿದಳು. ಇಡೀ ಊರು ಅಗೆಯುತ್ತಿದ್ದದ್ದು ಅವಳು ನುಂಗಿದ ಒಂದು ಮಾತಿನ ಮೇಲೆ.

ಜೂನ್ ತಿಂಗಳ ಮೊದಲ ಸೋಮವಾರ ಕನಕಪುರದಿಂದ ಹೊರಟ ಬಸ್ಸು ಎಂಟು ಗಂಟೆಗೆ ಹೊಂಗೆಮರದ ಕೆಳಗೆ ನಿಂತಿತು. ಕಂಡಕ್ಟರ್ ಕೊಟ್ರಪ್ಪ ಇಣುಕಿ ನೋಡಿದ. ಇನ್ನೂರು ಜನ. ಅವನು ಟಿಕೆಟ್ ಕಟ್ಟು ಬಿಚ್ಚಿ ಬೆರಳಿಗೆ ಎಂಜಲು ಹಚ್ಚಿಕೊಂಡು ಸಿದ್ಧನಾದ.

"ಹತ್ತಿ ಹತ್ತಿ! ಹೆಂಗಸರು ಮುಂದೆ, ಗಂಟುಗಳು ಮೇಲೆ!"

ಹತ್ತಿದವರು ನಾರಾಯಣಮ್ಮ, ಮತ್ತು ಹಲ್ಲು ಕೀಳಿಸಲು ಹೊರಟ ಒಬ್ಬ ಮುದುಕ.

"ಮಿಕ್ಕೋರು?"

"ನಾವು ಕಳಿಸೋಕೆ ಬಂದೋರು," ಎಂದಳು ಅಕ್ಕಯಮ್ಮ, ದೊಡ್ಡ ಉಪಕಾರ ಮಾಡಿದವಳಂತೆ.

"ಹಲ್ಲು ಕೀಳಿಸೋಕೆ ಹೋಗೋನನ್ನ ಕಳಿಸೋಕೆ ಇನ್ನೂರು ಜನವಾ?"

"ಮೂರು ಹಲ್ಲು ಕಣಪ್ಪಾ!"

ಬಸ್ಸು ಹೊರಡಲಿಲ್ಲ. ಹೊರಡಲು ಬಿಟ್ಟರಲ್ಲವೆ? ಮುದುಕನ ಹೆಂಡತಿ ಕಿಟಕಿಯಿಂದ ರೊಟ್ಟಿಯ ಗಂಟು ಕೊಟ್ಟಳು. ಹಲ್ಲು ಕಿತ್ತ ಮೇಲೆ ರೊಟ್ಟಿ ಹೇಗೆ ತಿನ್ನುತ್ತಾನೆಂದು ಚರ್ಚೆಯಾಗಿ, ಗಂಟು ಇಳಿದು ಗಂಜಿಯ ತಂಬಿಗೆ ಏರಿತು. ಒಬ್ಬರು ಅತ್ತರು, ಅವರನ್ನು ನೋಡಿ ಹತ್ತು ಜನ ಅತ್ತರು. ಕೊನೆಗೆ ಚಾಲಕ ಗಾಡಿ ಬಿಟ್ಟಾಗ ಊರಿನ ಅರ್ಧ ಜನ ಬಸ್ಸಿನ ಹಿಂದೆ ಓಡಿದರು. ಕಣ್ಮರೆಯಾಗುವ ತನಕ ಹಿಂದಿರುಗುವಂತಿಲ್ಲವಲ್ಲ. ಒಳಗೆ ಕನಕಪುರದಿಂದ ಬಂದಿದ್ದ ಒಬ್ಬ ವಕೀಲರು ಕೊಡೆಯಿಂದ ನೆಲ ಕುಟ್ಟುತ್ತಿದ್ದರು. "ಹತ್ತೂವರೆಗೆ ನನ್ನ ಕೇಸಿದೆ! ನನ್ನನ್ನ ಯಾಕೆ ಈ ಮೆರವಣಿಗೆಗೆ ಸೇರಿಸಿದ್ದೀರಿ?"

ಮಾರನೇ ದಿನವೂ ಅಷ್ಟೆ, ಅದರ ಮಾರನೇ ದಿನವೂ ಅಷ್ಟೆ. ಹತ್ತುವವರು ಮೂವರು, ಬಹಳವೆಂದರೆ ಐವರು. ಬಸ್ಸು ಬೆಂಗಳೂರಿಗೆ ತಲುಪುವಷ್ಟರಲ್ಲಿ ಹತ್ತೂಮುಕ್ಕಾಲು. ವಕೀಲರು ಎರಡನೇ ವಾರಕ್ಕೆ ಬೇರೆ ಬಸ್ಸು ಹಿಡಿದರು, ಹೋಗುವಾಗ ಇಡೀ ಕೋರ್ಟನ್ನೇ ಜೊತೆಗೆ ಕರೆದುಕೊಂಡು ಹೋದರು. ನಾರಾಯಣಮ್ಮನ ಮಂಡಿ ಇಳಿದಿತ್ತು, ಆದರೆ ಬುಟ್ಟಿ ಖಾಲಿಯಾಗುತ್ತಿರಲಿಲ್ಲ. ಅವಳು ಮೂರನೇ ಬ್ಲಾಕಿಗೆ ಬರುವಷ್ಟರಲ್ಲಿ ಮನೆಮನೆಯ ಹುಳಿ ಕುದಿದು, ಗಂಡಸರು ಉಂಡು ಆಫೀಸು ಸೇರಿರುತ್ತಿದ್ದರು. ಬಾಡಿದ ಸಬ್ಬಸಿಗೆಯನ್ನು ಯಾರು ಕೊಳ್ಳುತ್ತಾರೆ? ಹಾಗಂತ ಬಾಯಿಬಿಡಲು ಧೈರ್ಯವಿಲ್ಲ. ಬೇಡಿ ತರಿಸಿಕೊಂಡ ಬಸ್ಸಿಗೆ ಹೊತ್ತು ಸರಿಯಿಲ್ಲ ಎನ್ನುವುದು ಹೇಗೆ?

ಜೂನ್ ಇಪ್ಪತ್ತಾರಕ್ಕೆ ಅವಳು ವರಾಂಡದಲ್ಲಿ ಬುಟ್ಟಿ ಇಳಿಸಿದಾಗ ಬದರಿನಾಥ ಮನೆಯಲ್ಲೇ ಇದ್ದ. ಮೂರು ದಿನ ರಜೆ ಹಾಕಿದ್ದನಂತೆ. ಮುಖದಲ್ಲಿ ರಕ್ತವಿರಲಿಲ್ಲ.

"ಇನ್ನು ನಾಲ್ಕು ದಿನ ಅಷ್ಟೆ ನಾರಾಯಣಮ್ಮ. ತಿಂಗಳ ಕೊನೆಗೆ ನಿಲ್ಲಿಸ್ತಾರೆ. ಜೊತೆಗೆ ನನ್ನನ್ನೂ ಕಳಿಸ್ತಾರೋ ಏನೋ. ನನಗೆ ಒಂದೇ ಅರ್ಥ ಆಗ್ತಿಲ್ಲ. ನಾನೇ ಎಣಿಸಿದೆನಲ್ಲ! ಆ ನೂರಾ ಎಪ್ಪತ್ತೊಂದು ಜನ ಎಲ್ಲಿ ಹೋದರು?"

ನಾರಾಯಣಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಎಲ್ಲೂ ಹೋಗಿಲ್ಲ ಸ್ವಾಮಿ. ಅವರು ಎಲ್ಲಿಗೂ ಹೋಗೋರೇ ಅಲ್ಲ." ಆಮೇಲೆ ಎಲ್ಲವನ್ನೂ ಹೇಳಿದಳು. ಬಾಣಂತಿ, ಪೊಲೀಸು, ತಿರುಪತಿ, ಮಜ್ಜಿಗೆ. "ನೀವು ಹಾಕಿದ ಗೀಟೆಲ್ಲ ನೋಡ್ದೆ. ತಡೀಬೋದಿತ್ತು. ತಡೀಲಿಲ್ಲ."

ಬದರಿನಾಥ ಎದ್ದು ನಿಂತ, ಕೂತ, ಮತ್ತೆ ಎದ್ದ. "ಒಬ್ಬ ಬಾಣಂತೀನ ಕಳಿಸೋಕೆ ನೂರ ನಲವತ್ತು ಜನ ಬರ್ತಾರೆ ಅಂತ ಯಾವನಿಗೆ ಗೊತ್ತಿರುತ್ತೆ!"

ಒಳಗಿನಿಂದ ಸೀತಾಲಕ್ಷ್ಮಿಯ ಧ್ವನಿ ಬಂತು. "ನಿಮಗೆ ಗೊತ್ತಿರಬೇಕಿತ್ತು. ನಮ್ಮ ಮದುವೆಯಾದ ಮೇಲೆ ಮೈಸೂರಿಗೆ ಹೊರಟಾಗ ನಿಮ್ಮ ಮನೆಯವರು ಎಷ್ಟು ಜನ ಸ್ಟೇಷನ್ನಿಗೆ ಬಂದಿದ್ರು? ಮೂವತ್ತೊಂದು. ರೈಲು ಹತ್ತಿದ್ದು ನಾವಿಬ್ಬರು. ನಿಮ್ಮ ಸೋದರತ್ತೆ ಪ್ಲಾಟ್‌ಫಾರ್ಮ್ ಟಿಕೆಟ್ಟಿಗೆ ಜಗಳ ಆಡಿದ್ದು ನೆನಪಿಲ್ವಾ?"

ಅವನಿಗೆ ನೆನಪಿತ್ತು. ಅದಕ್ಕೇ ಕೋಪ ಇನ್ನೂ ಹೆಚ್ಚಾಯಿತು. "ಅಂದರೆ ನಿಮ್ಮೂರಲ್ಲಿ ಹೊರಡೋರೇ ಇಲ್ಲ ಅಂತಾಯ್ತು."

"ಇದೀವಲ್ಲ ಸ್ವಾಮಿ. ದಿನಾ ಹೊರಡ್ತೀವಿ."

"ನೀನೊಬ್ಬಳು."

"ನಾನೊಬ್ಳೇ ಯಾಕೆ? ಹಾಲಿನೋರು ಐದಾರು ಜನ. ಕನಕಾಂಬರದೋರು, ವೀಳ್ಯದೆಲೆಯೋರು. ನಮ್ಮೂರು ಬಿಟ್ರೆ ಆಚೆ ಎರಡು ಊರಿಂದ. ಎಲ್ಲಾ ಜೊತೆಗೇ ನಡೀತಿದ್ವಿ. ಅವರೆಲ್ಲ ಈಗ್ಲೂ ನಡೀತಾನೇ ಇದಾರೆ."

"ಮೂರು ದಿನ ಕೂತಿದ್ದೆ. ಒಬ್ಬರೂ ನನ್ನ ಕಣ್ಣಿಗೆ ಬೀಳಲಿಲ್ಲವಲ್ಲ!"

"ನೀವು ಕುರ್ಚೀಲಿ ಕೂರೋ ಹೊತ್ತಿಗೆ ನಾವು ಇಲ್ಲಿ ಸೊಪ್ಪು ಮಾರಿ ಆಗಿರ್ತದೆ."

ಬದರಿನಾಥ ಮತ್ತೆ ಕೂತ. ಆಮೇಲೆ ಕೇಳಿದ: "ನಿಮ್ಮನ್ನ ಕಳಿಸೋಕೆ ಯಾರೂ ಮರದ ತನಕ ಬರಲ್ವಾ?"

"ದಿನಾ ಹೋಗೋರನ್ನ ಯಾರು ಕಳಿಸ್ತಾರೆ ಸ್ವಾಮಿ?"

ಇಪ್ಪತ್ತೆರಡು ವರ್ಷದಲ್ಲಿ ಅವಳು ಅದನ್ನು ಯೋಚಿಸಿರಲಿಲ್ಲ. ಹೇಳಿದ ಮೇಲೆ ಒಂದು ಕ್ಷಣ ಅವಳಿಗೇ ವಿಚಿತ್ರವೆನಿಸಿತು. ಭೂಮಿಯನ್ನು ನಾಲ್ಕು ಸುತ್ತು ಬಂದವಳ ಹಿಂದೆ ಒಬ್ಬರೂ ಹತ್ತು ಹೆಜ್ಜೆ ಬಂದವರಿಲ್ಲ. ಹಲ್ಲು ಕೀಳಿಸುವವನ ಹಿಂದೆ ಇನ್ನೂರು. ತಪ್ಪು ಯಾರದೂ ಅಲ್ಲ. ಸೂರ್ಯನನ್ನೂ ಯಾರೂ ಕಳಿಸಿಕೊಡುವುದಿಲ್ಲ.

ಮಾರನೇ ದಿನ ಅವಳು ತಾನೇ ಕಲಾಸಿಪಾಳ್ಯಕ್ಕೆ ಹೋಗುತ್ತೇನೆಂದಳು. ಬದರಿನಾಥ ಬೇಡವೆಂದ, ಆಮೇಲೆ ದಾರಿ ತೋರಿಸಲು ಜೊತೆಗೆ ಬಂದ. ಏಕಾಂತಯ್ಯ ಮೋಟಾರ್ ಸರ್ವಿಸ್ಸಿನ ಮಾಲೀಕ ಏಕಾಂತಯ್ಯ ಎಂಟು ಬಸ್ಸಿನ ಒಡೆಯರು. ಒಂದು ಬಸ್ಸಿನ ಒಡೆಯರಾಗಿದ್ದಾಗಿನ ಕುರ್ಚಿಯಲ್ಲೇ ಈಗಲೂ ಕೂರುತ್ತಿದ್ದರು. ಅವರು ಕೆಮ್ಮಿದರೆ ಶೆಡ್ಡಿನಲ್ಲಿದ್ದ ಬಸ್ಸುಗಳೆಲ್ಲ ತಾವಾಗಿ ಸ್ಟಾರ್ಟ್ ಆಗುತ್ತವೆಂದು ಪ್ರತೀತಿ.

"ಸಾವ್ಕಾರ್ರೆ, ಲೆಕ್ಕ ತಪ್ಪಿದ್ದು ಇವರಿಂದ ಅಲ್ಲ. ನನ್ನಿಂದ," ಎಂದು ಶುರುಮಾಡಿ ನಾರಾಯಣಮ್ಮ ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಏಕಾಂತಯ್ಯ ನಗಲೂ ಇಲ್ಲ, ಬೈಯಲೂ ಇಲ್ಲ.

"ಸರಿ, ಹೇಳಿದ್ಯಲ್ಲ. ನಿಲ್ಲಿಸ್ತೀನಿ. ಇನ್ನೇನು?"

"ನಿಲ್ಲಿಸೋಕೆ ಮುಂಚೆ ಒಂದು ಸಲ ನಮ್ಮನ್ನ ಎಣಿಸಿ."

"ಯಾರನ್ನ?"

"ಕೋಳಿ ಕೂಗೋಕೆ ಮುಂಚೆ ಹೊರಡೋರನ್ನ. ಐದು ಗಂಟೆಗೆ ನಮ್ಮೂರಿಂದ ಬಸ್ಸು ಬಿಡಿ."

"ಐದಕ್ಕೆ ಅಲ್ಲಿರಬೇಕಾದ್ರೆ ಇಲ್ಲಿಂದ ಖಾಲಿ ಗಾಡಿ ಮೂರೂವರೆಗೆ ಹೊರಡಬೇಕು. ಅದನ್ನ ಯಾರು ಹೊರ್ತಾರೆ, ನಿನ್ನ ಬುಟ್ಟಿಯಾ?"

ಅಲ್ಲಿ ಬದರಿನಾಥ ಬಾಯಿ ಹಾಕಿದ. ರಾತ್ರಿಯೆಲ್ಲ ಗೆರೆ ಎಳೆದು ಬಂದಿದ್ದ. "ಖಾಲಿ ಯಾಕೆ ಸಾರ್? ಸಾಯಂಕಾಲ ಜನ ತುಂಬ್ಕೊಂಡು ಹೋಗಿ ಅಲ್ಲೇ ಹಾಲ್ಟ್ ಮಾಡಲಿ. ಬೆಳಿಗ್ಗೆ ಆರಕ್ಕೆ ಜಯನಗರ, ಆರೂವರೆಗೆ ಇಲ್ಲಿ. ಏಳಕ್ಕೆ ಅದೇ ಗಾಡಿ ನೇರ ರಸ್ತೇಲಿ ಕನಕಪುರಕ್ಕೆ, ಅಲ್ಲಿನ ಬೆಳಗಿನ ಗಾಡಿಯೂ ಒಳಕ್ಕೆ ತಿರುಗದೆ ನೇರ ಬರ್ತದೆ. ವಕೀಲರೂ ವಾಪಸ್ ಬರ್ತಾರೆ. ಇಲ್ಲಿ ರಾತ್ರಿ ಗಾಡಿ ನಿಲ್ಲಿಸೋದಕ್ಕೆ ಬಾಡಿಗೆ ಬೇರೆ ಕೊಡ್ತಿದ್ದೀವಿ. ಹೊಂಗೆಮರ ಬಾಡಿಗೆ ಕೇಳಲ್ಲ."

ಏಕಾಂತಯ್ಯ ಕೆಮ್ಮಿದರು. ಯಾವ ಬಸ್ಸೂ ಸ್ಟಾರ್ಟ್ ಆಗಲಿಲ್ಲ. "ಡ್ರೈವರು ಕಂಡಕ್ಟರು ಏನು ತಿಂತಾರೆ, ಹೊಂಗೆಕಾಯಾ?"

"ದಿನಕ್ಕೊಂದು ಮನೆ," ಎಂದಳು ನಾರಾಯಣಮ್ಮ. "ನಮ್ಮೂರಲ್ಲಿ ಎಪ್ಪತ್ತು ಮನೆ ಇದೆ. ಸರದಿ ಹಾಕ್ತೀವಿ. ಅದು ನಮ್ಮ ಪಾಲು."

ಸಾಹುಕಾರರು ಒಂದು ವಾರ ಕೊಟ್ಟರು, ಆ ವಾರ ಬಸ್ಸು ರಾತ್ರಿ ಹೊಂಗೆಕಟ್ಟೆಯಲ್ಲೇ ತಂಗಲಿ ಎಂದರು. ವಾರ ಕಳೆದ ಮೇಲಿನ ಸೋಮವಾರ ಬದರಿನಾಥ ಬೆಳಿಗ್ಗೆ ಐದು ಗಂಟೆಗೆ ಮರದ ಕೆಳಗಿರಬೇಕು. ಮೂವತ್ತು ಜನ ಹತ್ತಿದರೆ ಬಸ್ಸು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. "ಈ ಸಲ ನಿಂತೋರನ್ನ ಎಣಿಸಬೇಡ," ಎಂದರು ಅವನಿಗೆ. "ಕೂತೋರನ್ನ ಎಣಿಸು."

ಆ ವಾರ ಕೊಟ್ರಪ್ಪನ ಬಾಳಿನ ಸುವರ್ಣಯುಗ. ಸೋಮವಾರ ಬಸ್ಸಾರು, ಮಂಗಳವಾರ ಮಸ್ಸೊಪ್ಪು, ಬುಧವಾರ ಅಕ್ಕಯಮ್ಮನ ಮನೆಯ ನಾಟಿಕೋಳಿ. ಅವನ ಖಾಕಿ ಅಂಗಿಯ ಗುಂಡಿ ಶುಕ್ರವಾರ ಹಾರಿ ಹೋಗಿ ಪಕ್ಕದ ಮನೆಯ ಹೆಂಚಿಗೆ ಬಡಿಯಿತು. ನಾರಾಯಣಮ್ಮನಿಗೆ ಮಾತ್ರ ಊಟ ಸೇರಲಿಲ್ಲ. ಮೂರೂ ಊರಿನಲ್ಲಿ ಕುಂಟುತ್ತ ಮನೆಮನೆ ಸುತ್ತಿ ಹೇಳಿದಳು. ಹಾಲಿನವರು ಬರುತ್ತೇವೆಂದರು. ಹೂವಿನವರು ಯೋಚಿಸುತ್ತೇವೆಂದರು. ವೀಳ್ಯದೆಲೆಯ ಒಬ್ಬ ಮುದುಕ, "ಕಾಲು ನನ್ನವೇ ಇದಾವಲ್ಲ, ಅದಕ್ಕೆ ಚಾರ್ಜ್ ಯಾಕೆ ಕೊಡಲಿ?" ಎಂದ. ಸಂಕ್ರಾಂತಿಯ ಮುಂಚೆ ಅವಳೂ ಹಾಗೇ ಅನ್ನುತ್ತಿದ್ದಳು.

ಸೋಮವಾರ ಬೆಳಿಗ್ಗೆ ಇನ್ನೂ ನಕ್ಷತ್ರಗಳಿದ್ದವು. ಹಾಲಿನ ಕ್ಯಾನುಗಳು, ಕನಕಾಂಬರದ ಬುಟ್ಟಿಗಳು, ಒದ್ದೆ ಗೋಣಿಯಲ್ಲಿ ಸುತ್ತಿದ ಎಲೆ ಪಿಂಡಿಗಳು ಬಸ್ಸಿನ ತಲೆಯೇರಿದವು. ಜನ ಸದ್ದಿಲ್ಲದೆ ಬಂದು ಸದ್ದಿಲ್ಲದೆ ಕೂತರು. ಬದರಿನಾಥ ಒಳಗೆ ಬಂದು ಸೀಟಿನಿಂದ ಸೀಟಿಗೆ ಬೆರಳಿಟ್ಟು ಎಣಿಸಿದ. ಇನ್ನೊಂದು ಸಲ ಎಣಿಸಿದ.

ಇಪ್ಪತ್ತಾರು. ಈ ಕತೆಯಲ್ಲಿ ಬುಟ್ಟಿಯನ್ನು ಎಷ್ಟು ಬೇಕಾದರೂ ಅಗಲ ಮಾಡಬಹುದು, ಈ ಒಂದು ಸಂಖ್ಯೆಯನ್ನು ಮಾಡುವಂತಿಲ್ಲ. ಇಪ್ಪತ್ತಾರು.

ಚಾಲಕ ಎರಡು ನಿಮಿಷ ಕಾದ. ಐದು ನಿಮಿಷ ಕಾದ. ಜಾಡಿನಲ್ಲಿ ಯಾರೂ ಬರಲಿಲ್ಲ.

"ನಾಲ್ಕು ತಾನೇ ಸಾರ್," ಎಂದ ಕೊಟ್ರಪ್ಪ ಮೆಲ್ಲಗೆ. "ನಾನೇ ಟಿಕೆಟ್ ಹರೀತೀನಿ. ನನ್ನ ಜೇಬಿಂದ. ಇವತ್ತು ರಾತ್ರಿ ಪಟೇಲ್ರ ಮನೆ ಸರದಿ ಬೇರೆ."

ಅಕ್ಕಯಮ್ಮ ಅಂದು ಯಾಕೋ ಎದ್ದು ಬಂದು ಮರದ ಕೆಳಗೆ ನಿಂತಿದ್ದಳು. ಅವಳೂ ಕೇಳಿಸಿಕೊಂಡಳು. "ಅದಕ್ಯಾಕೆ ಕೊಟ್ರಪ್ಪ? ನಾನು, ನನ್ನ ಸೊಸೆ, ಪಕ್ಕದ ಮನೆಯೋರಿಬ್ರು ಹತ್ಕೊಂಡು ಸಾರಕ್ಕೀಲಿ ಇಳೀತೀವಿ. ನಡ್ಕೊಂಡು ವಾಪಸ್ ಬರ್ತೀವಿ. ಏನಂತೀಯ ನಾರಾಯಣಿ?"

ಬದರಿನಾಥ ಹಾಳೆಯ ಮೇಲೆ ಪೆನ್ಸಿಲ್ಲಿಟ್ಟು ನಾರಾಯಣಮ್ಮನ ಮುಖ ನೋಡಿದ. ಅವಳು ಹೂಂ ಎಂದರೆ ಅವನು ಬರೆಯುತ್ತಿದ್ದ. ಅದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಅವನಿಗೂ ಕೆಲಸ ಉಳಿಯಬೇಕಿತ್ತು. ಕಿಟಕಿಯಾಚೆ ಕತ್ತಲಲ್ಲಿ ಅವಳ ತೋಟವಿತ್ತು, ಅದರಾಚೆ ಭಾವನ ಹೊಲ.

"ಇವತ್ತು ನೀವು ಹತ್ತುತೀರ ಅಕ್ಕಯ್ಯ," ಎಂದಳು. "ನಾಳೆ ಯಾರು ಹತ್ತುತಾರೆ? ನಾಡಿದ್ದು?" ಆಮೇಲೆ ಬದರಿನಾಥನಿಗೆ, "ಇರೋದನ್ನ ಬರೀರಿ ಸ್ವಾಮಿ."

ಅವನು ಬರೆದ. ಬಸ್ಸು ಹೊರಟಿತು. ಅಕ್ಕಯಮ್ಮ ಒಬ್ಬಳೇ ಅದು ತಿರುವು ದಾಟುವವರೆಗೆ ನಿಂತಿದ್ದಳು. ನಾರಾಯಣಮ್ಮ ಕಿಟಕಿಗೆ ಹಣೆ ಒರಗಿಸಿ ಹೊರಗೆ ನೋಡುತ್ತಲೇ ಇದ್ದಳು. ಕಾಲಿಗೆ ಗೊತ್ತಿದ್ದ ದಾರಿ ಕಣ್ಣಿಗೆ ಗೊತ್ತಾಗುತ್ತಿರಲಿಲ್ಲ. ಇಲ್ಲಿ ಒಂದು ಚೂಪುಗಲ್ಲು, ಇಲ್ಲಿ ಮರಳು, ಇಲ್ಲಿ ಬುಟ್ಟಿ ಇಳಿಸುವ ಕಟ್ಟೆ ಎಂದುಕೊಳ್ಳುವಷ್ಟರಲ್ಲಿ ಎಲ್ಲವೂ ಹಿಂದೆ ಹೋಗಿರುತ್ತಿತ್ತು.

ಏಕಾಂತಯ್ಯ ಹಾಳೆಯನ್ನು ಬಹಳ ಹೊತ್ತು ನೋಡಿದರು. ಬದರಿನಾಥ ಅವರ ಮುಂದೆ ರಾಜೀನಾಮೆ ಪತ್ರವಿದ್ದ ಜೇಬಿನ ಮೇಲೆ ಕೈಯಿಟ್ಟು ನಿಂತಿದ್ದ.

"ನಾಲ್ಕು ಕಡಿಮೆ."

"ಹೌದು ಸಾರ್."

"ಸೇರಿಸಿ ತರ್ತೀಯ ಅಂದ್ಕೊಂಡಿದ್ದೆ. ಮೂವತ್ತು ಅಂತ ಬರೆದಿದ್ರೆ ಇವತ್ತೇ ನಿಲ್ಲಿಸ್ತಿದ್ದೆ. ಸರಿಯಾಗಿ ಮೂವತ್ತು ಜನ ಯಾವ ಊರಲ್ಲೂ ಇರಲ್ಲ ಕಣಯ್ಯ." ಅವರು ಹಾಳೆ ಮಡಚಿದರು. "ನೂರಾ ಎಪ್ಪತ್ತು ಜನಕ್ಕೆ ಅಂತ ದೊಡ್ಡ ಗಾಡಿ ಹಾಕಿದ್ವಿ. ಇಪ್ಪತ್ತಾರಕ್ಕೆ ಅದ್ಯಾಕೆ? ಶೆಡ್ಡಲ್ಲಿ ಆ ಹಳೇ ಪುಟ್ಟ ಗಾಡಿ ಬಿದ್ದಿದೆಯಲ್ಲ, ಅರ್ಧ ಡೀಸೆಲ್ಲು ಕುಡಿಯೋದು, ಅದನ್ನ ಹಾಕು. ಗೌರಿ ಹಬ್ಬದ ತನಕ ನೋಡೋಣ. ಆಮೇಲಿಂದು ಆಮೇಲೆ."

ಆ ಪುಟ್ಟ ಬಸ್ಸು ಎಂಥದೆಂದರೆ, ಅದರ ಬಾಗಿಲನ್ನು ಹಗ್ಗದಿಂದ ಕಟ್ಟಬೇಕಿತ್ತು, ಏರಿನಲ್ಲಿ ಅದಕ್ಕೂ ಚಾಲಕನಿಗೂ ಒಟ್ಟಿಗೇ ಏದುಸಿರು ಬರುತ್ತಿತ್ತು. ಆದರೆ ಆರು ಗಂಟೆಗೆ ಜಯನಗರಕ್ಕೆ ಬರುತ್ತಿತ್ತು. ನಾರಾಯಣಮ್ಮನ ಸಬ್ಬಸಿಗೆಯ ಮೇಲೆ ಇಬ್ಬನಿ ಆರಿರುತ್ತಿರಲಿಲ್ಲ.

ಶ್ರಾವಣದ ಒಂದು ಸಂಜೆ ಚಿಕ್ಕಬೈರಪ್ಪ ತೋಟದ ಬದುವಿನ ಮೇಲೆ ಬಂದು ನಿಂತ. ನಾರಾಯಣಮ್ಮ ನೆಟ್ಟಗೆ ಕಾಲು ಚಾಚಿ ಕೂತು ಗುಂಡಿ ತೋಡುತ್ತಿದ್ದಳು. ಪಕ್ಕದಲ್ಲಿ ಗೇಣುದ್ದದ ಕರಿಬೇವಿನ ಸಸಿಗಳು, ಒಂಬತ್ತೋ ಹತ್ತೋ.

"ಗೌರಿ ಹಬ್ಬಕ್ಕೆ ಇನ್ನೆಷ್ಟು ದಿನ ಉಳೀತು?" ಎಂದ ಅವನು.

"ಹದಿನೆಂಟು, ಭಾವ."

"ಆಮೇಲೆ ಬಸ್ಸು ಇರ್ತದೋ ಇಲ್ವೋ ಅಂತಾರೆ."

"ಅಂತಾರೆ."

ಅವನು ಸಸಿಗಳ ಕಡೆ ನೋಡಿದ. "ಕರಿಬೇವು ಕೈಗೆ ಬರೋಕೆ ಎರಡು ವರ್ಷ ಆಗ್ತದಲ್ಲ ತಾಯಿ."

"ಆಗ್ತದೆ," ಎಂದು ಅವಳು ಇನ್ನೊಂದು ಗುಂಡಿಗೆ ಕೈ ಹಾಕಿದಳು.

ಚಿಕ್ಕಬೈರಪ್ಪ ಪಂಚೆ ಮೇಲೆತ್ತಿ ಕಟ್ಟಿಕೊಂಡ. ಆಮೇಲೆ ಬದುವಿನಿಂದ ಇಳಿದು ಬಂದು, ಅವಳ ಕೈಯಿಂದ ಗುದ್ದಲಿ ತೆಗೆದುಕೊಂಡ. "ಬಾವಿಗೆ ಇಷ್ಟು ಹತ್ತಿರ ಇಡಬಾರದು, ಬೇರು ಕೊಳೀತದೆ," ಎಂದು ಗೊಣಗುತ್ತ ಎರಡು ಮಾರು ಆಚೆಗೆ, ತನ್ನ ಹೊಲದ ಕಡೆಗೆ, ಅಗೆಯತೊಡಗಿದ.